ಹೃದ್ರೋಗಿಯ ಜೊತೆ ಒಂದು ಹಾಳೆಯೂ ಹೋಗಲಿ: ಧಾರವಾಡ, ಗದಗ, ಹಾವೇರಿ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಧಾರವಾಡ, ಗದಗ, ಹಾವೇರಿ;
ಮೂರೂ ಜಿಲ್ಲೆಗಳ ಸರ್ಕಾರಿ ವೈದ್ಯಕೀಯ ಸಂಸ್ಥೆಗಳ ನಿರ್ದೇಶಕರು;
ಖಾಸಗಿ ಆಸ್ಪತ್ರೆ ಮತ್ತು ನರ್ಸಿಂಗ್ ಹೋಂಗಳ ಮುಖ್ಯಸ್ಥರು

ಮಾನ್ಯರೆ,

ಮುಂಡರಗಿಯಲ್ಲೋ ಹಾನಗಲ್ಲಿನಲ್ಲೋ ಎದೆನೋವು ಬಂದ ರೋಗಿ ಹುಬ್ಬಳ್ಳಿಯ ಕ್ಯಾತ್‌ಲ್ಯಾಬ್ (ಹೃದಯದ ನಾಳ ಪರೀಕ್ಷಿಸಿ ತೆರೆಯುವ ಕೋಣೆ) ತಲುಪುವಷ್ಟರಲ್ಲಿ ಕನಿಷ್ಠ ಮೂರು ಕೈ ದಾಟಿರುತ್ತಾನೆ. ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗ, 108 ಆಂಬುಲೆನ್ಸ್, ದೊಡ್ಡ ಆಸ್ಪತ್ರೆಯ ಕ್ಯಾಜುವಾಲ್ಟಿ. ಆಮೇಲೆ ಐಸಿಯು, ವಾರ್ಡು, ಡಿಸ್ಚಾರ್ಜ್, ಊರಿನ ಮೆಡಿಕಲ್ ಶಾಪ್, ಕೊನೆಗೆ ಮನೆಯ ಗೂಡಿನಲ್ಲಿಟ್ಟ ಗುಳಿಗೆ ಡಬ್ಬಿ. ಒಂದೊಂದು ಕೈಯಲ್ಲೂ ಕೆಲಸ ಬಲ್ಲವರೇ ಇರುತ್ತಾರೆ. ತಪ್ಪಾಗುವುದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧ ಸುರಕ್ಷತೆಗಾಗಿ ಜಾಗತಿಕ ಅಭಿಯಾನ ಶುರು ಮಾಡಿದಾಗ ಮೂರು ಸಂಗತಿಗಳನ್ನು ಮುಂದಿಟ್ಟಿತ್ತು: ಅಪಾಯ ಹೆಚ್ಚಿರುವ ಸಂದರ್ಭಗಳು, ಒಬ್ಬರೇ ಹಲವು ಔಷಧ ತೆಗೆದುಕೊಳ್ಳುವುದು, ಆರೈಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗವಾಗುವುದು. ನಮ್ಮ ಹೃದ್ರೋಗಿಗೆ ಈ ಮೂರೂ ಒಟ್ಟಿಗೇ ಅನ್ವಯಿಸುತ್ತವೆ.

ಇದು ಯಾವುದೇ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ಹೊಸ ಕಟ್ಟಡ, ಹೊಸ ಯಂತ್ರ ಕೊಡಿ ಎಂದೂ ಕೇಳುತ್ತಿಲ್ಲ. ಮೂರು ಜಿಲ್ಲೆಗಳಿಗೂ ಒಂದೇ ನಮೂನೆಯ ವರ್ಗಾವಣೆ ಹಾಳೆ, ರಕ್ತನಾಳದೊಳಗೆ ಹನಿಹನಿಯಾಗಿ ಹೋಗುವ ‘ಹನಿ ಔಷಧ’ಗಳಿಗೆ ಒಂದೇ ಬಗೆಯ ಮಿಶ್ರಣ, ಮನೆಗೆ ಹೋಗುವ ರೋಗಿಗೆ ಒಂದು ಕನ್ನಡ ಕಾರ್ಡು. ಮುಖ್ಯವಾಗಿ ಕೇಳುವುದು ಇಷ್ಟೇ. ಇವು ಏಕೆ ಬೇಕು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ. ವಿವರವಿಲ್ಲದ ಮನವಿಗಳು ಫೈಲಿನಲ್ಲೇ ಉಳಿಯುತ್ತವೆ.

ಮೊದಲು ಹೃದಯಾಘಾತದ ಮಾತು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಸಿಗುವ ವ್ಯವಸ್ಥೆಯಾಗಿದೆ. ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಇದರ ಪ್ರಮಾಣ ನಿಂತಿರುವುದು ರೋಗಿಯ ತೂಕದ ಮೇಲೆ. 60 ಕೆ.ಜಿ.ಗಿಂತ ಕಡಿಮೆ ಇದ್ದರೆ 30 ಮಿ.ಗ್ರಾಂ, 60ರಿಂದ 69ಕ್ಕೆ 35, 70ರಿಂದ 79ಕ್ಕೆ 40, 80ರಿಂದ 89ಕ್ಕೆ 45, 90 ಮತ್ತು ಮೇಲಿದ್ದರೆ 50. ವಯಸ್ಸು 75 ದಾಟಿದ್ದರೆ ಅರ್ಧ ಪ್ರಮಾಣವೇ ಸಾಕು ಎನ್ನುತ್ತವೆ ಈಗಿನ ಮಾರ್ಗಸೂಚಿಗಳು. ಹೀಗಿರುವಾಗ ತೂಕವನ್ನು ಕಣ್ಣಳತೆಯಲ್ಲಿ ಹೇಳುವುದು ಸರಿಯೇ? ಪ್ರತಿ ತುರ್ತು ವಿಭಾಗದ ಬಾಗಿಲಲ್ಲಿ ಕೆಲಸ ಮಾಡುವ ಒಂದು ತೂಕದ ಯಂತ್ರ ಇರಬೇಕು. ನಿಲ್ಲಲಾಗದವರ ತೂಕವನ್ನು ಮನೆಯವರಿಂದ ಕೇಳಿ, ‘ಅಂದಾಜು’ ಎಂದೇ ಬರೆಯಬೇಕು. ಆ ಮಾತು ಮುಂದಿನವರಿಗೆ ಎಚ್ಚರಿಕೆಯಾಗುತ್ತದೆ.

ಚುಚ್ಚುಮದ್ದಿನ ಪುಡಿಯನ್ನು ಜೊತೆಗೆ ಬಂದ ಸ್ಟೆರೈಲ್ ವಾಟರ್‌ನಲ್ಲೇ ಕರಗಿಸಬೇಕು. ವಯಲನ್ನು (ಔಷಧದ ಪುಟ್ಟ ಸೀಸೆ) ಮೆಲ್ಲಗೆ ತಿರುಗಿಸಬೇಕು, ಕುಲುಕಬಾರದು. ಕುಲುಕಿದರೆ ನೊರೆ ಎದ್ದು ಅಳತೆ ತಪ್ಪುತ್ತದೆ. ಅದೇ ನಾಳದಲ್ಲಿ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಹೋಗುತ್ತಿದ್ದರೆ ಔಷಧ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಮುಂಚೆಯೂ ಆಮೇಲೂ ನಾರ್ಮಲ್ ಸಲೈನ್‌ನಿಂದ ನಾಳ ತೊಳೆಯಬೇಕು. 5ರಿಂದ 10 ಸೆಕೆಂಡಿನಲ್ಲಿ ಒಂದೇ ಸಲ ಕೊಟ್ಟು ಮುಗಿಸಬೇಕು. ಆಮೇಲೆ ನೋವೆಂದು ಡೈಕ್ಲೋಫಿನಾಕ್ ಸೂಜಿ ಸೊಂಟಕ್ಕೆ ಚುಚ್ಚಬಾರದು. ಹೆಪ್ಪುಗಟ್ಟುವ ಶಕ್ತಿ ಕುಂದಿರುವ ದೇಹದಲ್ಲಿ ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳುತ್ತದೆ. 60ರಿಂದ 90 ನಿಮಿಷದೊಳಗೆ ಮತ್ತೊಂದು ಇಸಿಜಿ ತೆಗೆಯಬೇಕು. ಇಸಿಜಿ ಗೆರೆಯಲ್ಲಿ ಹೃದಯಾಘಾತ ತೋರಿಸುವ ಎಸ್‌ಟಿ ಏರಿಕೆ ಅರ್ಧಕ್ಕಾದರೂ ಇಳಿಯದಿದ್ದರೆ ರೋಗಿಗೆ ತಕ್ಷಣ ಆಂಜಿಯೋಪ್ಲಾಸ್ಟಿ ಬೇಕು. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಈ ಎರಡನೆಯ ಇಸಿಜಿಯ ಹೊತ್ತು ಹಲವು ಸಲ ಆಂಬುಲೆನ್ಸಿನಲ್ಲೇ ಕಳೆದುಹೋಗುತ್ತದೆ. ಔಷಧ ಎಷ್ಟು ಗಂಟೆಗೆ ಹೋಯಿತು ಎಂಬುದು ಚೀಟಿಯಲ್ಲಿ ಇಲ್ಲದಿದ್ದರೆ ಹುಬ್ಬಳ್ಳಿಯವರು ಯಾವ ಹೊತ್ತಿನಿಂದ ಎಣಿಸಬೇಕು?

ನಮ್ಮ ಮೊದಲ ಬೇಡಿಕೆ ಹುಟ್ಟುವುದು ಇಲ್ಲಿಯೇ. ಈಗಿನ ರೆಫರಲ್ ಚೀಟಿಗಳಲ್ಲಿ ‘ಲೋಡಿಂಗ್ ಡೋಸ್ ಕೊಟ್ಟಿದೆ’, ಅಂದರೆ ಆರಂಭದ ದೊಡ್ಡ ಪ್ರಮಾಣ ಕೊಟ್ಟಿದೆ, ಎಂಬ ಒಂದು ಸಾಲು ಇರುತ್ತದೆ. ಯಾವುದು, ಎಷ್ಟು, ಎಷ್ಟು ಹೊತ್ತಿಗೆ ಎಂಬುದು ಇರುವುದಿಲ್ಲ. ಆಸ್ಪಿರಿನ್ 300 ಅಥವಾ 325 ಮಿ.ಗ್ರಾಂ ಅಗಿಸಿ ನುಂಗಿಸಿದ್ದೇ? ಕ್ಲೊಪಿಡೊಗ್ರೆಲ್ 300, ಅಂದರೆ 75 ಮಿ.ಗ್ರಾಂನ ನಾಲ್ಕು ಗುಳಿಗೆಯೇ, ಇಲ್ಲ ವಯಸ್ಸು 75 ದಾಟಿದವರೆಂದು ಒಂದೇ ಗುಳಿಗೆಯೇ? ರೋಗಿ ದಾರಿಯಲ್ಲಿ ವಾಂತಿ ಮಾಡಿಕೊಂಡನೇ? ಇವಕ್ಕೆ ಉತ್ತರ ಸಿಗದಾಗ ಮುಂದಿನ ಆಸ್ಪತ್ರೆಯವರಿಗೆ ಎರಡೇ ದಾರಿ. ಒಂದು, ಇನ್ನೊಮ್ಮೆ ಕೊಡುವುದು. ಇನ್ನೊಂದು, ಕೊಟ್ಟಿರಬೇಕು ಎಂದು ಬಿಡುವುದು. ಎರಡೂ ಕೆಟ್ಟವೇ. ಇದಕ್ಕಿಂತ ಕೆಟ್ಟದ್ದು, ತಾಲ್ಲೂಕಿನಲ್ಲಿ ಎನಾಕ್ಸಪ್ಯಾರಿನ್ ಹೊಟ್ಟೆಯ ಚರ್ಮದಡಿ ಕೊಟ್ಟಿದ್ದು ಗೊತ್ತಾಗದೆ ದೊಡ್ಡ ಆಸ್ಪತ್ರೆಯಲ್ಲಿ ಹೆಪಾರಿನ್ ಶುರುವಾಗುವುದು. ಎರಡೂ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮದ್ದುಗಳು. ಅವುಗಳ ಮೇಲೆ ಹೆಪ್ಪು ಕರಗಿಸುವ ಔಷಧವೂ ಇದ್ದರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಏರುತ್ತದೆ.

ಆದ್ದರಿಂದ ಹಾಳೆ ಒಂದೇ ಪುಟದ್ದಾಗಿರಲಿ. ಎದೆನೋವು ಶುರುವಾದ ಹೊತ್ತು, ಮೊದಲ ಇಸಿಜಿಯ ಹೊತ್ತು, ತೂಕ, ಔಷಧದ ಜೆನೆರಿಕ್ ಹೆಸರು (ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು), ಪ್ರಮಾಣ, ಕೊಟ್ಟ ಮಾರ್ಗ (ಬಾಯಿಯೋ ನಾಳವೋ), ಗಡಿಯಾರದ ಹೊತ್ತು, ಕೊಟ್ಟವರ ಸಹಿ. ಹೊತ್ತನ್ನು 24 ಗಂಟೆಯ ಲೆಕ್ಕದಲ್ಲಿ ಬರೆಯಲಿ. ‘8’ ಎಂದರೆ ಬೆಳಿಗ್ಗೆಯೋ ರಾತ್ರಿಯೋ ಎಂಬ ಅನುಮಾನ ಉಳಿಯಬಾರದು. ಹರಿಯುತ್ತಿರುವ ಹನಿ ಔಷಧವಿದ್ದರೆ ಎಷ್ಟು ಮಿ.ಗ್ರಾಂ, ಎಷ್ಟು ಮಿ.ಲೀ.ನಲ್ಲಿ, ಗಂಟೆಗೆ ಎಷ್ಟು ಮಿ.ಲೀ. ಎಂಬುದೂ ಇರಲಿ. ಕಾರ್ಬನ್ ಹಾಕಿ ಮೂರು ಪ್ರತಿ: ಒಂದು ಕಳಿಸಿದವರಿಗೆ, ಒಂದು 108ಕ್ಕೆ, ಒಂದು ಕೇಸ್ ಶೀಟಿಗೆ. ವಾಟ್ಸ್‌ಆ್ಯಪ್‌ನಲ್ಲಿ ಇಸಿಜಿ ಕಳಿಸುವ ರೂಢಿ ಒಳ್ಳೆಯದೇ. ಆದರೆ ಫೋಟೋ ಹೋಗುವುದು ವೈದ್ಯರ ಮೊಬೈಲಿಗೆ; ರಾತ್ರಿ ಪಾಳಿಯ ಸಿಸ್ಟರ್ ಕೈಗೆ ಬರುವುದು ಕಾಗದವೇ.

ಹನಿ ಔಷಧಗಳ ವಿಷಯದಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬೇಕು. ರಕ್ತದೊತ್ತಡ ಕುಸಿದ ರೋಗಿಗೆ ನಾರ್‌ಅಡ್ರಿನಲಿನ್ ಹಚ್ಚಿ ಕಳಿಸುತ್ತಾರೆ. ಒಂದು ಕಡೆ 50 ಮಿ.ಲೀ. ಸಿರಿಂಜಿನಲ್ಲಿ 4 ಮಿ.ಗ್ರಾಂ ಹಾಕುತ್ತಾರೆ, ಇನ್ನೊಂದು ಕಡೆ ‘ಡಬಲ್ ಸ್ಟ್ರೆಂತ್’ ಎಂದು 8 ಹಾಕುತ್ತಾರೆ. 60 ಕೆ.ಜಿ. ರೋಗಿಗೆ ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೋಗ್ರಾಂ ಬೇಕು ಎನ್ನಿ. ಗಂಟೆಗೆ 360 ಮೈಕ್ರೋಗ್ರಾಂ ಆಯಿತು. 4 ಮಿ.ಗ್ರಾಂ ಸಿರಿಂಜಿನಲ್ಲಿ ಮಿ.ಲೀ.ಗೆ 80 ಮೈಕ್ರೋಗ್ರಾಂ ಇರುತ್ತದೆ, ಆಗ ಸಿರಿಂಜನ್ನು ಒತ್ತುವ ಪಂಪ್ ಗಂಟೆಗೆ 4.5 ಮಿ.ಲೀ. ಓಡಬೇಕು. ಸಿರಿಂಜ್ ಖಾಲಿಯಾದಾಗ ಹೊಸಬರು ತಮ್ಮ ರೂಢಿಯಂತೆ 8 ಮಿ.ಗ್ರಾಂ ತುಂಬಿ ಅದೇ 4.5ರಲ್ಲಿ ಬಿಟ್ಟರೆ ರೋಗಿಗೆ ಹೋಗುವುದು ಎರಡು ಪಟ್ಟು. ಪಂಪಿನ ಪರದೆ ಮೇಲೆ ಅಂಕಿ ಮೊದಲಿನದೇ, ಅಲಾರಂ ಕೂಗುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಇದರ ಮೇಲೆ ಇನ್ನೊಂದು ತೊಡಕು: ಕೆಲವು ಆಂಪೂಲಿನ (ಒಡೆದು ಬಳಸುವ ಪುಟ್ಟ ಸೀಸೆಯ) ಲೇಬಲ್ ಬೈಟಾರ್ಟ್ರೇಟ್ ಲವಣದ ತೂಕ ಹೇಳುತ್ತದೆ, ಕೆಲವು ಬೇಸ್‌ನ, ಅಂದರೆ ಮೂಲ ಔಷಧದ, ತೂಕ. 2 ಮಿ.ಗ್ರಾಂ ಲವಣದಲ್ಲಿ ಬೇಸ್ ಇರುವುದು 1 ಮಿ.ಗ್ರಾಂ ಮಾತ್ರ. ಟೆಂಡರ್ ಬದಲಾಗಿ ಕಂಪನಿ ಬದಲಾದಾಗ ಪ್ರಮಾಣವೂ ಸದ್ದಿಲ್ಲದೆ ಬದಲಾಗಬಹುದು. ಹೊಸ ಬ್ಯಾಚ್ ಬಂದಾಗ ಲೇಬಲ್ ಓದಿ ಎಲ್ಲ ವಾರ್ಡಿಗೂ ತಿಳಿಸುವುದು ಆಸ್ಪತ್ರೆಯ ಫಾರ್ಮಸಿಸ್ಟರ ಹೊಣೆ ಎಂದು ಲಿಖಿತವಾಗಿ ಗೊತ್ತುಮಾಡಿ.

ಈ ಔಷಧದ ಪರಿಣಾಮ ಒಂದೆರಡು ನಿಮಿಷದಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಮುಂದಿನ ಸಿರಿಂಜನ್ನು ಹಳೆಯದು ಮುಗಿಯುವ ಮೊದಲೇ ತುಂಬಿ, ಲೇಬಲ್ ಅಂಟಿಸಿ ಇಟ್ಟಿರಬೇಕು. ಅದೇ ನಾಳಕ್ಕೆ ಬೇರೆ ಇಂಜೆಕ್ಷನ್ ತಳ್ಳಬಾರದು. ತಳ್ಳಿದರೆ ಕೊಳವೆಯಲ್ಲಿರುವ ನಾರ್‌ಅಡ್ರಿನಲಿನ್ ಒಮ್ಮೆಲೇ ಒಳಹೋಗಿ ಒತ್ತಡ ಜಿಗಿಯುತ್ತದೆ. ಕೈ ನಾಳದಲ್ಲಿ ಹೋಗುತ್ತಿದ್ದರೆ ಸೂಜಿಯ ಸುತ್ತ ಚರ್ಮ ಬೆಳ್ಳಗಾಗಿ ತಣ್ಣಗಾಗಿದೆಯೇ ಎಂದು ಗಂಟೆಗೊಮ್ಮೆ ಮುಟ್ಟಿ ನೋಡಬೇಕು. ಔಷಧ ಹೊರಗೆ ಸೋರಿದರೆ ಅಲ್ಲಿನ ಮಾಂಸವೇ ಸಾಯುತ್ತದೆ. ಆಂಬುಲೆನ್ಸ್ ಹೊರಡುವ ಮುನ್ನ ಪಂಪಿನ ಬ್ಯಾಟರಿ ನೋಡಬೇಕು. ಅಣ್ಣಿಗೇರಿ ದಾಟುವಾಗ ಪಂಪ್ ನಿಂತರೆ ಮಾಡುವುದೇನು?

ಹೃದಯ ಬಡಿತದ ತಾಳ ತಪ್ಪಿದಾಗ ಕೊಡುವ ಅಮಿಯೊಡರೋನ್ ಬೇರೆಯದೇ ಸ್ವಭಾವದ್ದು. ಅದನ್ನು 5% ಡೆಕ್ಸ್‌ಟ್ರೋಸಿನಲ್ಲೇ ಬೆರೆಸಬೇಕು, ಸಲೈನಿನಲ್ಲಿ ಅಲ್ಲ. ಆಂಪೂಲಿಗೆ 150 ಮಿ.ಗ್ರಾಂ, ಅದನ್ನು 10 ನಿಮಿಷದಲ್ಲಿ. ಆಮೇಲೆ 6 ಗಂಟೆ ನಿಮಿಷಕ್ಕೆ 1 ಮಿ.ಗ್ರಾಂ, ಮುಂದಿನ 18 ಗಂಟೆ ನಿಮಿಷಕ್ಕೆ ಅರ್ಧ ಮಿ.ಗ್ರಾಂ. ನೈಟ್ರೋಗ್ಲಿಸರಿನ್ ಅನ್ನು ಸಾಮಾನ್ಯ ಪಿವಿಸಿ ಕೊಳವೆಯ ಗೋಡೆ ಹೀರಿಕೊಳ್ಳುತ್ತದೆ, ಅದಕ್ಕೆ ಪಿವಿಸಿ ಅಲ್ಲದ ಸೆಟ್ ಬೇಕು. ಇಂಥ ನಾಲ್ಕಾರು ಸಂಗತಿಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು, ಲ್ಯಾಮಿನೇಟ್ ಮಾಡಿ, ಔಷಧ ಟ್ರಾಲಿಗೆ ಕಟ್ಟಿದರೆ ಸಾಕು. ಗೋಡೆಯ ಫ್ಲೆಕ್ಸುಗಳನ್ನು ಯಾರೂ ಓದುವುದಿಲ್ಲ.

ಈಗ ಎರಡು ಔಷಧಗಳ ಮಾತು. ಇವು ವಾರ್ಡಿನ ಟ್ರಾಲಿಯಲ್ಲಿ ಇರುವ ರೀತಿಯೇ ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಒಂದು, ರಕ್ತದಲ್ಲಿ ಪೊಟ್ಯಾಸಿಯಂ ಇಳಿದಾಗ ಕೊಡುವ ಪೊಟ್ಯಾಸಿಯಂ ಕ್ಲೋರೈಡ್. 15%ನ 10 ಮಿ.ಲೀ. ಆಂಪೂಲಿನಲ್ಲಿ ಸುಮಾರು 20 ಮಿಲಿ ಈಕ್ವಿವಲೆಂಟ್ (ಲವಣ ಅಳೆಯುವ ಮಾನ) ಪೊಟ್ಯಾಸಿಯಂ ಇರುತ್ತದೆ. ಅದನ್ನು ನೇರವಾಗಿ ನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ, ಮರಳಿ ಶುರು ಮಾಡುವುದು ಬಲು ಕಷ್ಟ. ಅದರ ಪಕ್ಕದಲ್ಲೇ, ಅದೇ ಗಾತ್ರದ ಆಂಪೂಲಿನಲ್ಲಿ, ಆಂಟಿಬಯೋಟಿಕ್ ಕರಗಿಸುವ ಸ್ಟೆರೈಲ್ ವಾಟರ್ ಇರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ, ಮಂದ ಬೆಳಕಿನಲ್ಲಿ, ಮೂವತ್ತು ರೋಗಿಗಳ ನಡುವೆ ಓಡಾಡುವ ಒಬ್ಬ ಸಿಸ್ಟರ್ ಕೈ ತಪ್ಪುವುದಿಲ್ಲ ಎಂದು ನಂಬಿ ಕೂರುವುದು ವ್ಯವಸ್ಥೆಯಲ್ಲ. ಸಾಂದ್ರ ಪೊಟ್ಯಾಸಿಯಂ ಸಾಮಾನ್ಯ ವಾರ್ಡಿನಲ್ಲಿ ಇರಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಫಾರ್ಮಸಿಯಲ್ಲಿ ಬೀಗದಡಿ ಇರಲಿ. ಐಸಿಯುದಲ್ಲಿ ಬೇಕೇ ಬೇಕೆಂದರೆ ಬೇರೆ ಬಣ್ಣದ ಡಬ್ಬಿಯಲ್ಲಿ, ‘ಬೆರೆಸದೆ ಕೊಡಬೇಡಿ’ ಎಂಬ ಕೆಂಪು ಚೀಟಿಯೊಂದಿಗೆ ಇರಲಿ.

ಬೆರೆಸುವುದರಲ್ಲೂ ಸೂಕ್ಷ್ಮವಿದೆ. ಸ್ಟ್ಯಾಂಡಿನಲ್ಲಿ ತೂಗುತ್ತಿರುವ ಬಾಟಲಿಗೆ ಕೆಳಗಿನಿಂದ ಚುಚ್ಚಿ ಹಾಕಿ ಹಾಗೇ ಬಿಟ್ಟರೆ, ಕಲಕದ ಪಾನಕದಲ್ಲಿ ಬೆಲ್ಲ ತಳ ಹಿಡಿದ ಹಾಗೆ ಪೊಟ್ಯಾಸಿಯಂ ಕೆಳಗೆ ನಿಂತು, ಮೊದಲ ಕೆಲವು ಮಿ.ಲೀ.ನಲ್ಲೇ ಬಹುಪಾಲು ಹೋಗಿಬಿಡುತ್ತದೆ. ಬಾಟಲಿಯನ್ನು ಇಳಿಸಿ, ಹರಿವು ನಿಲ್ಲಿಸಿ, ಔಷಧ ಹಾಕಿ, ಕನಿಷ್ಠ 10 ಸಲ ಮೇಲೆ ಕೆಳಗೆ ಮಾಡಿ ಆಮೇಲೆ ತೂಗುಹಾಕಬೇಕು. ಸಲೈನಿನಲ್ಲಿ ಬೆರೆಸುವುದು ಮೇಲು. ಡೆಕ್ಸ್‌ಟ್ರೋಸ್ ಕೊಟ್ಟರೆ ಇನ್ಸುಲಿನ್ ಏರಿ ಪೊಟ್ಯಾಸಿಯಂ ಇನ್ನೂ ಇಳಿಯಬಹುದು. 500 ಮಿ.ಲೀ. ಸಲೈನಿಗೆ ಒಂದು ಆಂಪೂಲು ಹಾಕಿ ನಾಲ್ಕು ಗಂಟೆಯಲ್ಲಿ ಬಿಟ್ಟರೆ ಗಂಟೆಗೆ 5 ಮಿಲಿ ಈಕ್ವಿವಲೆಂಟ್. ಮಿ.ಲೀ.ಗೆ 20 ಹನಿಯ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ಕೈ ನಾಳದಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ದಾಟಬಾರದು. ಅದಕ್ಕಿಂತ ವೇಗವಾಗಿ ಬೇಕಾದರೆ ಮಾನಿಟರ್ ಇರುವ ಹಾಸಿಗೆ, ದೊಡ್ಡ ನಾಳ, ವೈದ್ಯರ ಲಿಖಿತ ಆದೇಶ ಮೂರೂ ಬೇಕು. ಮೂತ್ರ ಹೋಗುತ್ತಿದೆಯೇ ಎಂದು ನೋಡದೆ ಶುರು ಮಾಡಲೇಬಾರದು. ಎಷ್ಟು ಕೊಟ್ಟರೂ ಏರುತ್ತಿಲ್ಲವೆಂದರೆ ಮೆಗ್ನೀಸಿಯಂ ನೋಡಿಸಬೇಕು.

ಎರಡು, ಹೆಪಾರಿನ್. 5 ಮಿ.ಲೀ. ವಯಲ್ ಎರಡು ಬಗೆಯಲ್ಲಿ ಬರುತ್ತದೆ: ಒಂದರಲ್ಲಿ ಮಿ.ಲೀ.ಗೆ 1000 ಯೂನಿಟ್, ಇನ್ನೊಂದರಲ್ಲಿ 5000. ಅಂದರೆ ಇಡೀ ವಯಲಿನಲ್ಲಿ 5000 ಅಥವಾ 25,000. ಮೊದಲ ಬೋಲಸ್ (ಒಂದೇ ಸಲಕ್ಕೆ ಕೊಡುವ ಪ್ರಮಾಣ) ಕೆ.ಜಿ.ಗೆ 60 ಯೂನಿಟ್, ಗರಿಷ್ಠ 4000. 60 ಕೆ.ಜಿ. ರೋಗಿಗೆ 3600 ಯೂನಿಟ್. ಮೊದಲ ವಯಲಿನಲ್ಲಿ 3.6 ಮಿ.ಲೀ., ಎರಡನೆಯದರಲ್ಲಿ 0.72 ಮಿ.ಲೀ. ಎರಡನೆಯ ವಯಲಿನಿಂದ 3.6 ತೆಗೆದರೆ ಹೋಗುವುದು 18,000 ಯೂನಿಟ್. ಒಂದು ಆಸ್ಪತ್ರೆ ಒಂದೇ ಬಲದ ವಯಲ್ ಖರೀದಿಸಿದರೆ ಈ ತಪ್ಪಿಗೆ ಅವಕಾಶವೇ ಇರುವುದಿಲ್ಲ. ಖರೀದಿ ಸಮಿತಿಯ ಒಂದು ಸಾಲಿನ ನಿರ್ಣಯ ಸಾಕು. ಜೊತೆಗೆ ‘ಯೂನಿಟ್’ ಎಂದು ಪೂರ್ತಿ ಬರೆಯುವ ರೂಢಿ ಬರಲಿ. ಬರೀ ಇಂಗ್ಲಿಷಿನ U ಅಕ್ಷರ ಹಾಕಿದರೆ ಅದು ಸೊನ್ನೆಯಾಗಿ ಕಾಣುತ್ತದೆ. 5000 ಐವತ್ತು ಸಾವಿರವಾಗುತ್ತದೆ. ಹಾಗೆಯೇ 1.0 ಎಂದು ಬರೆಯಬಾರದು, ಚುಕ್ಕಿ ಮಾಸಿದರೆ ಹತ್ತಾಗುತ್ತದೆ. ಡಿಗಾಕ್ಸಿನ್ (ಹೃದಯ ಬಡಿತ ಹತೋಟಿಗೆ ತರುವ ಔಷಧ) .25 ಎಂದೂ ಬರೆಯಬಾರದು, ಮುಂದೆ ಸೊನ್ನೆ ಇರಲಿ: 0.25. ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತ್ತು. ಅಮ್ಲೋಡಿಪಿನ್ ಮತ್ತು ಅಮಿಯೊಡರೋನ್, ಡೋಪಮಿನ್ ಮತ್ತು ಡೊಬ್ಯುಟಮಿನ್ ಗೀಚು ಅಕ್ಷರದಲ್ಲಿ ಅಣ್ಣತಮ್ಮಂದಿರಂತೆಯೇ ಕಾಣುತ್ತವೆ.

ಪೊಟ್ಯಾಸಿಯಂ, ಹೆಪಾರಿನ್, ಹೆಪ್ಪು ಕರಗಿಸುವ ಮದ್ದು, ಡಿಗಾಕ್ಸಿನ್ ಇಂಜೆಕ್ಷನ್, ಒತ್ತಡ ಏರಿಸುವ ಹನಿಗಳು. ಈ ಐದಕ್ಕೆ ಇಬ್ಬರ ಪರಿಶೀಲನೆ ಕಡ್ಡಾಯವಾಗಲಿ. ಪರಿಶೀಲನೆ ಎಂದರೆ ಒಬ್ಬರು ಲೆಕ್ಕ ಮಾಡಿ ‘4.5 ಅಲ್ವಾ ಸಿಸ್ಟರ್?’ ಎನ್ನುವುದು, ಇನ್ನೊಬ್ಬರು ತಲೆಯಾಡಿಸುವುದು ಅಲ್ಲ. ಎರಡನೆಯವರು ಮೊದಲಿನವರ ಉತ್ತರ ನೋಡದೆ ತಾವೇ ಲೆಕ್ಕ ಮಾಡಬೇಕು, ಎರಡೂ ಕೂಡಿದರೆ ಮಾತ್ರ ಔಷಧ ಕೊಡಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ನರ್ಸಿಂಗ್ ಕಾಲೇಜುಗಳು ಬಹಳ. ವಿದ್ಯಾರ್ಥಿಗಳು ವಾರ್ಡಿನಲ್ಲಿ ಕಲಿಯುವುದು ಅಗತ್ಯ. ಆದರೆ ಈ ಐದನ್ನು ಅವರು ಒಬ್ಬರೇ ಕೊಡಬಾರದು, ಎರಡನೆಯ ಪರಿಶೀಲಕರೂ ಅವರಾಗಬಾರದು. ರಾತ್ರಿ ಪಾಳಿಯಲ್ಲಿ ಇಬ್ಬರೇ ಇಲ್ಲ ಎನ್ನುತ್ತೀರಿ. ಅದು ನಿಜ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗೆ ಒಬ್ಬರು, ಇತರ ಕಡೆ ಐವರಿಗೆ ಒಬ್ಬರು ಎಂಬ ಭಾರತೀಯ ನರ್ಸಿಂಗ್ ಮಂಡಳಿಯ ಅಳತೆಗೂ ನಮ್ಮ ಪಾಳಿ ಪಟ್ಟಿಗೂ ಇರುವ ಅಂತರ ನಿಮಗೂ ಗೊತ್ತು. ನೇಮಕವಾಗುವವರೆಗೆ ಪಕ್ಕದ ವಾರ್ಡಿನವರನ್ನೋ ಡ್ಯೂಟಿ ವೈದ್ಯರನ್ನೋ ಕರೆಯಲು ಅನುಮತಿಯ ಆದೇಶವಾದರೂ ಇರಲಿ.

ಗುಳಿಗೆಗಳಲ್ಲಿ ಡಿಗಾಕ್ಸಿನ್ ಬಗ್ಗೆ ಒಂದು ಮಾತು. ಕೊಡುವ ಮುನ್ನ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಾಳ ತಪ್ಪಿದ ಹೃದಯದಲ್ಲಿ ಲೆಕ್ಕವೂ ತಪ್ಪುತ್ತದೆ. 60ಕ್ಕಿಂತ ಕಡಿಮೆ ಇದ್ದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ‘ಬಾಯಿ ರುಚಿಯಿಲ್ಲ, ಹೊಟ್ಟಿ ತೊಳಸ್ತೈತಿ, ಎಲ್ಲಾ ಹಳದಿ ಕಾಣಸ್ತೈತಿ’ ಎಂದು ಅಜ್ಜ ಹೇಳಿದರೆ ಅದು ಪಿತ್ತವಲ್ಲ, ಡಿಗಾಕ್ಸಿನ್ ಹೆಚ್ಚಾಗಿರುವ ಗುರುತು ಇರಬಹುದು. ಮೂತ್ರದ ಗುಳಿಗೆಯಿಂದ ಪೊಟ್ಯಾಸಿಯಂ ಇಳಿದಿದ್ದರೆ, ಕಿಡ್ನಿ ಸೋತಿದ್ದರೆ, ಅಮಿಯೊಡರೋನ್ ಹೊಸದಾಗಿ ಸೇರಿದ್ದರೆ ಈ ವಿಷ ಬೇಗ ಏರುತ್ತದೆ. ವಾರಕ್ಕೆ ಐದು ದಿನ ಮಾತ್ರ ಎಂದು ಬರೆದಿದ್ದರೆ ಯಾವ ಎರಡು ದಿನ ಬಿಡಬೇಕೆಂದು ಹೆಸರಿಟ್ಟು ಬರೆಯಿರಿ: ಶನಿವಾರ, ಭಾನುವಾರ. ಇಲ್ಲವಾದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ದಿನ ಬಿಡುತ್ತಾರೆ.

ಮನೆಗೆ ಹೋದ ಮೇಲಿನ ಕಥೆ ಇನ್ನೂ ದೊಡ್ಡದು. ಸಂಧಿವಾತದ ಜ್ವರದಿಂದ ಕವಾಟ ಕೆಟ್ಟು, ಲೋಹದ ಕವಾಟ ಹಾಕಿಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಹಲವರು ಇನ್ನೂ ಕೂಲಿಗೆ ಹೋಗುವ ಹೆಣ್ಣುಮಕ್ಕಳು. ಅವರು ಬದುಕಿನುದ್ದಕ್ಕೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸೆನೊಕೌಮರಾಲ್ ಅಥವಾ ವಾರ್ಫರಿನ್ ನುಂಗಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಹೇಳುವ ಐಎನ್‌ಆರ್ ಅಂಕಿ ಸಾಮಾನ್ಯವಾಗಿ 2ರಿಂದ 3ರ ನಡುವೆ, ಮೈಟ್ರಲ್ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ) ಜಾಗದ ಲೋಹದ ಕವಾಟಕ್ಕೆ 2.5ರಿಂದ 3.5ರ ನಡುವೆ ಇರಬೇಕು. ಇಲ್ಲಿ ತಪ್ಪಾಗುವ ಬಗೆ ಬಹುತೇಕ ಒಂದೇ. ವೈದ್ಯರು 1 ಮಿ.ಗ್ರಾಂ ಬರೆಯುತ್ತಾರೆ, ಅಂಗಡಿಯಲ್ಲಿ 2 ಮಿ.ಗ್ರಾಂ ಮಾತ್ರ ಇರುತ್ತದೆ, ‘ಅರ್ಧ ಮಾಡಿ ತಗೋರಿ’ ಎಂದು ಬಾಯಿಮಾತಿನಲ್ಲಿ ಹೇಳಿ ಕೊಡುತ್ತಾರೆ. ಮನೆಯಲ್ಲಿ ಗುಳಿಗೆ ಕೊಡುವುದು ಅಂಗಡಿಗೆ ಹೋದ ಮಗನಲ್ಲ, ಸೊಸೆ. ಆಕೆ ಚೀಟಿಯಲ್ಲಿರುವಂತೆ ಒಂದು ಗುಳಿಗೆ ಕೊಡುತ್ತಾಳೆ. ವಾರದಲ್ಲಿ ವಸಡಿನಿಂದ ರಕ್ತ, ಕಪ್ಪು ಮಲ. ಮೆಡಿಕಲ್ ಶಾಪಿನವರಲ್ಲಿ ವಿನಂತಿ: ಈ ಗುಳಿಗೆಯ ಬಲ ಬದಲಿಸಿ ಕೊಡಬೇಡಿ. ಇಲ್ಲದಿದ್ದರೆ ಇಲ್ಲ ಎನ್ನಿ.

ಇದನ್ನು ಸಂಜೆ ಒಂದೇ ಹೊತ್ತಿಗೆ ತೆಗೆದುಕೊಳ್ಳುವುದು ಅನುಕೂಲ. ಬೆಳಿಗ್ಗೆ ರಕ್ತ ಕೊಟ್ಟರೆ ಅಂದೇ ಪ್ರಮಾಣ ಬದಲಿಸಬಹುದು. ಮರೆತರೆ ಮರುದಿನ ಎರಡು ನುಂಗಬಾರದು. ಸೊಪ್ಪು ಬಿಡಿ ಎಂದು ಹೇಳುವವರಿದ್ದಾರೆ. ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಪುಂಡಿ ಪಲ್ಯ ಇಲ್ಲದೆ ಊಟವೇ ಇಲ್ಲದ ಸೀಮೆಯಲ್ಲಿ ಆ ಸಲಹೆ ನಡೆಯುವುದೂ ಇಲ್ಲ, ಬೇಕಾಗಿಯೂ ಇಲ್ಲ. ವಾರವಾರಕ್ಕೂ ಸೊಪ್ಪಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರಲಿ, ಅಷ್ಟೇ. ಶ್ರಾವಣದ ಉಪವಾಸಕ್ಕೆ ಊಟ ಬಿಡುವವರು, ರೋಜಾ ಹಿಡಿಯುವವರು ಮೊದಲೇ ವೈದ್ಯರನ್ನು ಕೇಳಲಿ. ತಾವಾಗಿ ಗುಳಿಗೆ ಬಿಡಬಾರದು. ಮೆಟ್ರೋನಿಡಜೋಲ್, ಕೋಟ್ರೈಮಾಕ್ಸಜೋಲ್, ಫ್ಲುಕೊನಜೋಲ್ ಸೇರಿದರೆ ಐಎನ್‌ಆರ್ ಏರುತ್ತದೆ. ಭೇದಿಗೆಂದು ಅಂಗಡಿಯಲ್ಲಿ ಕೇಳಿ ತರುವ ಗುಳಿಗೆ ಹೆಚ್ಚಾಗಿ ಇವುಗಳಲ್ಲೇ ಒಂದು. ಐಎನ್‌ಆರ್ 5 ದಾಟಿದರೆ ರಕ್ತ ಕಾಣದಿದ್ದರೂ ಅದೇ ದಿನ ತೋರಿಸಬೇಕು. ಪರೀಕ್ಷೆ ಬೇಡವೆಂದು ಇದೇ ಕೆಲಸದ ಹೊಸ ಗುಳಿಗೆಗಳಾದ ರಿವಾರೊಕ್ಸಬಾನ್, ಡಾಬಿಗಟ್ರಾನ್‌ಗೆ ಬದಲಿಸುವುದು ಲೋಹದ ಕವಾಟದವರಿಗೆ ಸಲ್ಲದು. ಗರ್ಭ ನಿಂತಿದೆ ಎಂಬ ಅನುಮಾನ ಬಂದ ಕೂಡಲೇ ವೈದ್ಯರಿಗೆ ಹೇಳಬೇಕು, ಮೊದಲ ತಿಂಗಳುಗಳಲ್ಲಿ ಈ ಗುಳಿಗೆ ಮಗುವಿಗೆ ಹಾನಿ ಮಾಡಬಹುದು.

ಐಎನ್‌ಆರ್ ಪರೀಕ್ಷೆಗೆ ಹುಬ್ಬಳ್ಳಿಗೆ ಬರಬೇಕೆಂದರೆ ಹಿರೇಕೆರೂರಿನ ಕೂಲಿಯವರಿಗೆ ಒಂದು ದಿನದ ದುಡಿಮೆ ಹೋಗುತ್ತದೆ. ಅದಕ್ಕೇ ತಪ್ಪಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ವಾರಕ್ಕೊಂದು ಗೊತ್ತಾದ ದಿನ ಈ ಪರೀಕ್ಷೆ ನಡೆದು, ಫಲಿತಾಂಶ ಅಂದೇ ಮಧ್ಯಾಹ್ನ ಸಿಗುವಂತೆ ಮಾಡಿ. ನಮ್ಮ ಬೇಡಿಕೆಗಳಲ್ಲಿ ದುಡ್ಡು ಬೇಡುವುದು ಇದೊಂದೇ ಇರಬಹುದು.

ಹೃದಯ ಸೋತವರ ಮನೆಯಲ್ಲಿ ಬೇಕಾದದ್ದು ತೂಕದ ಯಂತ್ರ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಚಹಾ ಕುಡಿಯುವ ಮುನ್ನ ತೂಗಬೇಕು. ಒಂದು ದಿನದಲ್ಲಿ 1 ಕೆ.ಜಿ., ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಮೈ ಬಂದದ್ದಲ್ಲ, ನೀರು ನಿಂತದ್ದು. ಇಂಥವರಿಗೆ ‘ಶಕ್ತಿಗೆ’ ಸಲೈನ್ ಹಚ್ಚಿಸುವುದು ನಮ್ಮ ಕಡೆಯ ಬಲು ಕೆಟ್ಟ ರೂಢಿ. ಒಂದು ಬಾಟಲಿ ಸಲೈನ್ ರಾತ್ರಿ ದಮ್ಮು ಏರಿಸಿ ಐಸಿಯುಗೆ ತಂದು ಬಿಡುತ್ತದೆ. ಮಂಡಿನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್, ಎಟೋರಿಕಾಕ್ಸಿಬ್ ಕೂಡ ಉಪ್ಪು ನೀರು ಹಿಡಿದಿಡುತ್ತವೆ. ಪ್ಯಾರಸಿಟಮಾಲ್ ಸಾಕಾಗದಿದ್ದರೆ ಕೇಳಿ ಬೇರೆ ತೆಗೆದುಕೊಳ್ಳಬೇಕು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಉಪ್ಪು ಎಲ್ಲರಿಗೂ ನೆನಪಾಗುತ್ತದೆ, ಮಿರ್ಚಿ ಬಜ್ಜಿಯ ಸೋಡಾದಲ್ಲೂ ಸೋಡಿಯಂ ಇದೆ ಎಂಬುದು ನೆನಪಾಗುವುದಿಲ್ಲ. ಮೂತ್ರದ ಗುಳಿಗೆ ದಿನಕ್ಕೆ ಎರಡಿದ್ದರೆ ಎರಡನೆಯದು ಸಂಜೆ ನಾಲ್ಕರೊಳಗೆ ಆಗಲಿ, ರಾತ್ರಿ ನಿದ್ದೆಗೆಡದಂತೆ. ಸ್ಪೈರೊನೊಲ್ಯಾಕ್ಟೋನ್ ಎಂಬ ಮೂತ್ರದ ಗುಳಿಗೆಯ ಜೊತೆಗೆ ಒತ್ತಡ ಇಳಿಸುವ ರ‍್ಯಾಮಿಪ್ರಿಲ್‌ನಂಥ ಗುಳಿಗೆ ಇದ್ದವರಿಗೆ ಪೊಟ್ಯಾಸಿಯಂ ಏರುವ ಭಯ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಇರುವುದು ಅದೇ ಪೊಟ್ಯಾಸಿಯಂ, ದಿನವೂ ಎಳನೀರು ಕುಡಿದರೂ ಅದೇ.

ನಾಲಿಗೆಯಡಿ ಇಡುವ ಐಸೊಸಾರ್ಬೈಡ್ 5 ಮಿ.ಗ್ರಾಂ ಗುಳಿಗೆ ಊರ ತುಂಬ ಜೇಬಿನಲ್ಲಿ ಓಡಾಡುತ್ತದೆ. ಯಾರಿಗೆ ಎದೆ ಹಿಡಿದರೂ ತೆಗೆದು ಕೊಡುತ್ತಾರೆ. ಕೂತುಕೊಂಡೇ ಇಡಬೇಕು, ನಿಂತಿದ್ದರೆ ಒತ್ತಡ ಬಿದ್ದು ಕುಸಿಯಬಹುದು. ಮೇಲಿನ ಒತ್ತಡ 90ಕ್ಕಿಂತ ಕಡಿಮೆ ಇದ್ದರೆ ಬೇಡ. ಗಂಡಸರು ಲೈಂಗಿಕ ಶಕ್ತಿಗೆಂದು ನುಂಗುವ ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ ಕಳೆದಿರದಿದ್ದರೆ ಬೇಡವೇ ಬೇಡ. ಇದನ್ನು ಮನೆಯವರೆದುರು ಕೇಳಿದರೆ ಯಾರೂ ಹೇಳುವುದಿಲ್ಲ, ಅವರನ್ನು ಹೊರಗೆ ಕಳಿಸಿ ಕೇಳಬೇಕು. ಒಂದು ಗುಳಿಗೆಗೆ ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ಎರಡನೆಯದನ್ನು ಹುಡುಕುವ ಮೊದಲು 108ಕ್ಕೆ ಕರೆ ಮಾಡಬೇಕು.

ಇದಿಷ್ಟನ್ನೂ ಡಿಸ್ಚಾರ್ಜ್ ದಿನ ಬಾಗಿಲಲ್ಲಿ ನಿಂತು ಹೇಳಿ ಮುಗಿಸಲಾಗದು. ಕನ್ನಡದ ಒಂದು ಕಾರ್ಡ್ ಬೇಕು. ಗುಳಿಗೆಯ ಹೆಸರು ಕನ್ನಡದಲ್ಲೂ ಸ್ಟ್ರಿಪ್ಪಿನ ಮೇಲಿರುವಂತೆ ಇಂಗ್ಲಿಷಿನಲ್ಲೂ ಇರಲಿ. ಯಾತಕ್ಕೆ, ಯಾವ ಹೊತ್ತು, ಎಷ್ಟು, ಯಾವಾಗ ನಿಲ್ಲಿಸಿ ದವಾಖಾನೆಗೆ ಬರಬೇಕು ಎಂಬುದಿರಲಿ. ಹಳೆಯ ಗುಳಿಗೆಗಳಲ್ಲಿ ಯಾವುದನ್ನು ಬಿಡಬೇಕು ಎಂಬುದಕ್ಕೆ ಪ್ರತ್ಯೇಕ ಜಾಗವಿರಲಿ. ಇದು ಬಹಳ ಮುಖ್ಯ. ಆಸ್ಪತ್ರೆಯಲ್ಲಿ ಬ್ರ್ಯಾಂಡ್ ಬದಲಾಗಿರುತ್ತದೆ, ಮನೆಯಲ್ಲಿ ಹಳೆಯದೂ ಹೊಸದೂ ಎರಡನ್ನೂ ನುಂಗುತ್ತಾರೆ, ಒಳಗೆ ಇರುವುದು ಅದೇ ಮೆಟೊಪ್ರೊಲಾಲ್. ಕೊಟ್ಟ ಮೇಲೆ ಮನೆಯವರಿಂದಲೇ ತಿರುಗಿ ಹೇಳಿಸಬೇಕು. ‘ತಿಳೀತೇನ್ರಿ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ.

ಕೊನೆಯದಾಗಿ ವರದಿ. ತಪ್ಪಾದ ಕೂಡಲೇ ಕಾರಣ ಕೇಳಿ ನೋಟಿಸ್ ಬರುತ್ತದೆ ಎಂದು ಗೊತ್ತಿರುವ ಕಡೆ ಯಾರೂ ತಪ್ಪು ಬರೆಯುವುದಿಲ್ಲ, ಹೆಪಾರಿನ್ ವಯಲ್ ಗೊಂದಲ ಮತ್ತೆ ಮತ್ತೆ ಆಗುತ್ತಲೇ ಇರುತ್ತದೆ. ಹೆಸರಿಲ್ಲದೆ ಬರೆದು ಹಾಕುವ ಒಂದು ಪೆಟ್ಟಿಗೆ ಇಡಿ. ತಪ್ಪುವಷ್ಟರಲ್ಲಿ ತಡೆದ ಘಟನೆಗಳನ್ನೂ ಬರೆಯಲಿ, ಕಲಿಯಲು ಅವೇ ಹೆಚ್ಚು ಉಪಯೋಗ. ತಿಂಗಳಿಗೊಮ್ಮೆ ಫಾರ್ಮಸಿಸ್ಟ್, ಶುಶ್ರೂಷಾಧಿಕಾರಿ, ವೈದ್ಯರು ಕೂತು ಓದಲಿ, ಏನು ಬದಲಿಸಿದೆವು ಎಂದು ಅದೇ ಪೆಟ್ಟಿಗೆಯ ಮೇಲೆ ಅಂಟಿಸಲಿ. ಔಷಧದ ಅಡ್ಡಪರಿಣಾಮಗಳಿಗೆ ಭಾರತೀಯ ಔಷಧ ಕಣ್ಗಾವಲು ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024 ಇದೆ, ರೋಗಿಯ ಮನೆಯವರೂ ಕರೆ ಮಾಡಬಹುದು. ಆ ಸಂಖ್ಯೆ ಪ್ರತಿ ವಾರ್ಡಿನಲ್ಲಿ ಕಾಣಲಿ.

ವರ್ಗಾವಣೆ ಹಾಳೆ, ಹನಿ ಔಷಧಗಳ ಮಿಶ್ರಣ ಪಟ್ಟಿ, ಕನ್ನಡ ಕಾರ್ಡು ಮೂರರ ಕರಡನ್ನೂ ಸಿದ್ಧಪಡಿಸಿ ಕೊಡಲು ನಾವು ತಯಾರಿದ್ದೇವೆ. ಮೂರೂ ಜಿಲ್ಲೆಗಳ ಅಧಿಕಾರಿಗಳು, 108ರ ಪ್ರತಿನಿಧಿಗಳು, ಹೃದ್ರೋಗ ತಜ್ಞರು ಒಮ್ಮೆ ಒಂದೆಡೆ ಕೂತು ಅದನ್ನು ತಿದ್ದಿ ಒಪ್ಪಬೇಕು. ಮೊದಲು ಒಂದೊಂದು ಜಿಲ್ಲೆಯ ಒಂದೊಂದು ತಾಲ್ಲೂಕಿನಲ್ಲಿ ಮೂರು ತಿಂಗಳು ನಡೆಸಿ ನೋಡೋಣ. ಆ ಸಭೆಯ ದಿನಾಂಕ ತಿಳಿಸಬೇಕಾಗಿ ಕೋರಿಕೆ.

ಇಂತಿ,
ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಹೃದ್ರೋಗ ವಾರ್ಡುಗಳಲ್ಲಿ ಕೆಲಸ ಮಾಡುವ ಕೆಲವು ಶುಶ್ರೂಷಾಧಿಕಾರಿಗಳು ಮತ್ತು ಫಾರ್ಮಸಿಸ್ಟರು